ಎಲ್ಲರಿಗೂ ಒಂದೇ ತಂತಿ

ದರ್ಜಿ ಅಕ್ಕನ ಗಂಡ ಉಸಿರಾಡುವುದು ಊರಿನ ಕರೆಂಟಿನಲ್ಲಿ. ಹಳ್ಳದ ನೀರು ತಿರುಗಿಸಿ ಊರವರೇ ಕಟ್ಟಿಕೊಂಡ ಪವರ್‌ಹೌಸಿಗೆ ಬಂಡೆ ಕೊರೆದವನು ಅವನು. ಆ ಕಲ್ಲಿನ ಪುಡಿ ಅವನ ಶ್ವಾಸಕೋಶದಲ್ಲಿ ಮನೆ ಮಾಡಿತು. ಕಂಪನಿಯ ಕೆಲಸವಾಗಿದ್ದರೆ ಕೋರ್ಟಿನ ಮೆಟ್ಟಿಲು ಹತ್ತಬಹುದಿತ್ತು. ಊರಿನದೇ ಕೆಲಸ, ಯಾರ ಕೊರಳಪಟ್ಟಿ ಹಿಡಿಯುವುದು? ಸರ್ಕಾರದ ದೊಡ್ಡ ಲೈನು ಊರ ತಲೆಯ ಮೇಲೆಯೇ ಹಾದು ಕಾರ್ಖಾನೆಗಳಿಗೆ ಹೋಗುತ್ತದೆ. ಒಂದೆಳೆ ಕೆಳಗಿಳಿಸಿ ಎಂದು ಕೇಳಿದಾಗಲೆಲ್ಲ ಕಚೇರಿಯವರು, ನಿಮಗೆ ನಿಮ್ಮದೇ ಇದೆಯಲ್ಲ ಎಂದು ಬೆನ್ನು ತಟ್ಟಿ ಕಳಿಸಿದ್ದಾರೆ.

ಪ್ರತಿ ಮನೆಯ ಫ್ಯೂಜಿಗೂ ಒಂದೇ ತೆಳು ತಂತಿ. ದೀಪ ಉರಿಯಬೇಕು, ಹೆಚ್ಚು ಎಳೆದರೆ ತಂತಿ ಸುಟ್ಟುಹೋಗಬೇಕು. ಅಕ್ಕನ ಗಂಡನಿಗೆ ಆಕ್ಸಿಜನ್ ಮಷಿನ್ ಬಂದಾಗ ಮಾತ್ರ ಸಭೆ ಕಣ್ಣೀರು ಹಾಕಿ ಆ ಮನೆಗೆ ದಪ್ಪ ತಂತಿ ಕೊಟ್ಟಿತು. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಕಷ್ಟ ಹುಟ್ಟಿಕೊಂಡಿತು. ಪವರ್‌ಹೌಸ್ ಸಮಿತಿಯ ಅಧ್ಯಕ್ಷರ ತಾಯಿಗೆ ಚಳಿ, ಹೀಟರ್ ಬಂತು. ಬೇಕರಿಯವನಿಗೆ ಹೊಗೆಯಾಗದು, ಕರೆಂಟಿನ ಒಲೆ ಬಂತು. ಕದ್ದುಮುಚ್ಚಿ ದಪ್ಪ ತಂತಿ ಮನೆಮನೆ ಹೊಕ್ಕಿತು. ಕಳ್ಳತನ ಎನ್ನಲು ಯಾರಿಗೂ ಬಾಯಿಲ್ಲ, ಎಲ್ಲರೂ ಮಾಲೀಕರೇ.

ಆ ಸಂಜೆ ಮೈ ಕೊರೆಯುವ ಚಳಿ. ಊರೆಲ್ಲ ಹೀಟರ್ ಹಾಕಿಕೊಂಡಿತು. ಅಕ್ಕನ ಮನೆಯ ಬಲ್ಬು ಕೆಂಪಗಾಯಿತು, ಮಷಿನ್ ಕಿರುಚತೊಡಗಿತು, ಗಂಡನ ತುಟಿ ನೀಲಿಗಟ್ಟಿತು. ಹೊಲಿಯುತ್ತಿದ್ದ ಬಟ್ಟೆ ಬಿಸಾಕಿ ಅಕ್ಕ ಓಡಿದಳು. ಅಧ್ಯಕ್ಷರು, ನಮ್ಮದೊಂದು ಆರಿಸಿದರೆ ಏನಾದೀತಮ್ಮ, ಮೊದಲು ಬೇಕರಿಗೆ ಹೇಳು ಎಂದರು. ಬೇಕರಿಯವನು ಅರ್ಧ ಬೆಂದ ಬನ್ನು ತೋರಿಸಿದ. ಒಲೆ ಆರಿಸಿದರೆ ಹಿಟ್ಟು ಕೂತುಬಿಡುತ್ತದಂತೆ. ಹಿಟ್ಟು ಕೂರಬಾರದು, ಮನುಷ್ಯ ಹೋದರೆ ಹೋಗಲಿ.

ಪವರ್‌ಹೌಸ್ ನಡೆಸುವವನು ಅವಳ ಸ್ವಂತ ಮೈದುನ. ಸಮಿತಿ ಹೇಳದೆ ಕೈ ಹಾಕಲಾರೆ ಎಂದು ತಲೆ ತಗ್ಗಿಸಿದ. ಅಕ್ಕ ಅವನನ್ನು ತಳ್ಳಿ, ಅಧ್ಯಕ್ಷರ ಮನೆಯೂ ಬೇಕರಿಯೂ ಇದ್ದ ಮೇಲಿನ ಬೀದಿಯ ಸ್ವಿಚ್ಚನ್ನು ತಾನೇ ಕೆಳಗೆಳೆದಳು.

ಮನೆಗೆ ಬಂದಾಗ ಮಷಿನ್ ಸರಾಗವಾಗಿ ಓಡುತ್ತಿತ್ತು.

"ಯಾರ ಜೊತೆ ಜಗಳ ಆಡ್ಕೊಂಡು ಬಂದೆ?" ಎಂದ ಗಂಡ.

"ಇಡೀ ಮೇಲಿನ ಬೀದಿ ಜೊತೆ."

"ಸದ್ಯ, ಕೆಳಗಿನ ಬೀದೀನಾದ್ರೂ ಉಳಿಸಿದ್ಯಲ್ಲ." ನಕ್ಕ, ಕೆಮ್ಮಿದ.

ಸ್ವಲ್ಪ ಹೊತ್ತಿಗೆ ಅಂಗಳ ತುಂಬಿತು. ಯಾರೂ ದನಿ ಏರಿಸಲಿಲ್ಲ. ಅಕ್ಕನಿಗೆ ಹೆದರಿಕೆಯಾದದ್ದು ಅದಕ್ಕೇ.

"ತಪ್ಪು ನಮ್ಮೆಲ್ಲರದು. ನಿಮಗೆ ಕೊಟ್ವಿ, ಎಲ್ಲರಿಗೂ ಬೇಕಾಯ್ತು," ಎಂದರು ಅಧ್ಯಕ್ಷರು. "ಇನ್ಮೇಲೆ ಎಲ್ಲರಿಗೂ ಒಂದೇ ತಂತಿ. ಹಳೇ ತೆಳು ತಂತಿ."

"ಅದ್ರಲ್ಲಿ ಮಷಿನ್ ಓಡಲ್ಲ," ಎಂದಳು ಅಕ್ಕ.

"ನಮ್ಮ ಒಲೆಯೂ ಹೋಯ್ತಲ್ಲಮ್ಮ," ಎಂದ ಬೇಕರಿಯವನು. ನಿಜವಾದ ದುಃಖದಿಂದಲೇ ಅಂದ.

ಕೈಗಳು ಎದ್ದವು. ಮೈದುನನ ಕೈಯೂ, ಅರ್ಧಕ್ಕೆ.

ತಂತಿ ಬದಲಿಸಲು ಒಳಗೆ ಬಂದವನೂ ಅವನೇ. "ಅತ್ತಿಗೆ, ಮಷಿನ್ ಆಫ್ ಮಾಡ್ಕೊಳ್ಳಿ. ಇಲ್ಲಾಂದ್ರೆ ತಂತಿ ಸುಟ್ಟುಹೋಗುತ್ತೆ."

"ನೀನೇ ಮಾಡು. ನಿಮ್ಮಣ್ಣನ ಮುಖ ನೋಡ್ಕೊಂಡು ಮಾಡು."

ಅವನು ಮುಖ ನೋಡಲಿಲ್ಲ. ಗೋಡೆ ತಡವಿ ಪ್ಲಗ್ಗು ಕಿತ್ತ. ಫ್ಯೂಜು ತೆಗೆದು, ತೆಳು ತಂತಿ ಸುತ್ತಿ, ಮತ್ತೆ ಕೂರಿಸಿದ. ಬಲ್ಬು ಫಳ್ಳನೆ ಹೊತ್ತಿತು.

ಅಂಗಳದಲ್ಲಿ ಯಾರೋ, ಬಂತು, ದೀಪ ಬಂತು ಎಂದರು. ಯಾರ ಮನೆಗೂ ಅನ್ಯಾಯವಾಗಲಿಲ್ಲ ಎಂಬ ನೆಮ್ಮದಿಯಲ್ಲಿ ಜನ ಚದುರಿದರು. ಬಾಯ್ದೆರೆದು ಗಾಳಿ ಹುಡುಕುತ್ತಿದ್ದ ಗಂಡನ ಬೆನ್ನಿಗೆ ಎದೆ ಕೊಟ್ಟು ಅಕ್ಕ ಆ ಬೆಳಕಿನಲ್ಲಿ ಕೂತಳು.