ಕಲೆಯಾಗಬಾರದ ಕೋಟುಗಳು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಒಂದು ವಾರ ಪಾಠ ಮಾಡಿ ನೋಡಿದರೆ ಅವರ ಮೂಗಿಗೂ ಅದು ಬಂದು ಕೂರುತ್ತದೆ.

ಒಳಗೆ ಕಾಲಿಟ್ಟೊಡನೆ ಎದುರು ಗೋಡೆಯ ಮೇಲೆ ದೊಡ್ಡ ಬೋರ್ಡು: ಕೋಟು ಧರಿಸಿ, ಕೂದಲು ಕಟ್ಟಿ, ಬೆರಳು ಕಾಣುವ ಚಪ್ಪಲಿ ಬೇಡ. ಬೋರ್ಡಿನ ಕೆಳಗೇ ಗಾಜಿನ ಬಾಗಿಲಿನ ಬೀರು. ಅದರಲ್ಲಿ ಇಡೀ ತರಗತಿಗೆ ಸಾಲುವಷ್ಟು ಬಿಳಿ ಕೋಟುಗಳು. ಒಳ್ಳೆಯ ದಪ್ಪ ಹತ್ತಿಯವು. ಇಸ್ತ್ರಿ ಮಾಡಿ, ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಸಿ ತೂಗುಹಾಕಿದ್ದರು. ಬೀರುವಿಗೆ ಬೀಗ, ಬೀಗದ ಕೈ ನಮ್ಮ ವಿಭಾಗದ ಮುಖ್ಯಸ್ಥರ ಜೇಬಿನಲ್ಲಿ. ತಪಾಸಣೆಗೆ ದೊಡ್ಡವರು ಬರುವ ದಿನ ಮಾತ್ರ ಬೀಗ ತೆಗೆಯುತ್ತಿದ್ದರು. ಆವತ್ತು ಮಕ್ಕಳು ಕೋಟು ಹಾಕಿಕೊಂಡು, ಬರೀ ನೀರು ತುಂಬಿದ ಗಾಜಿನ ಪಾತ್ರೆ ಹಿಡಿದು ಸಾಲಾಗಿ ನಿಲ್ಲಬೇಕು. ಬಂದವರು ತಲೆದೂಗಿ ಹೋದ ಮೇಲೆ ಕೋಟುಗಳು ಮತ್ತೆ ಬೀರುವಿಗೆ. ಮರುದಿನ ಅದೇ ಮಕ್ಕಳು ತಮ್ಮ ಮಾಮೂಲಿ ಬಟ್ಟೆಯಲ್ಲೇ ನಿಜವಾದ ಆ್ಯಸಿಡ್ ಹಿಡಿಯುತ್ತಿದ್ದರು. ಮನೆಯಿಂದ ಕೋಟು ತರೋಣವೆಂದರೆ ಅದಕ್ಕೂ ಅಪ್ಪಣೆಯಿಲ್ಲ; ಎಲ್ಲರೂ ಒಂದೇ ಥರ ಕಾಣಬೇಕಂತೆ.

ಮಕ್ಕಳು ಮುಖ್ಯಸ್ಥರಿಗೆ 'ಇಸ್ತ್ರಿ' ಎಂದು ಹೆಸರಿಟ್ಟಿದ್ದರು. ನಾನಂತೂ ಕೇಳಿ ಕೇಳಿ ಬಾಯಿ ನೋಯಿಸಿಕೊಂಡಿದ್ದೆ.

"ಕಲೆ ಆಗುತ್ತೆ ಮೇಡಂ," ಎನ್ನುತ್ತಿದ್ದರು.

"ಕಲೆ ಕೋಟಿಗಾಗ್ಲಿ ಅಂತಾನೇ ಅಲ್ವಾ ಸರ್ ಅದನ್ನ ಹಾಕ್ಕೊಳ್ಳೋದು?"

"ನಿಮ್ಮದು ಎಲ್ಲಾದಕ್ಕೂ ಒಂದು ತಕರಾರು."

ಗೋಡೆಗೆ ಹೇಳಿದ್ದರೆ ಅದಾದರೂ ಎದುರು ಮಾತಾಡದೆ ಕೇಳಿಸಿಕೊಳ್ಳುತ್ತಿತ್ತು.

ನನ್ನ ಅಣ್ಣನ ಮಗಳು ನಮ್ಮ ಕಾಲೇಜಿನಲ್ಲೇ ಓದುತ್ತಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಮರಿ ಎನ್ನುತ್ತೇವೆ. ಆವತ್ತು ಅವಳು ದೊಡ್ಡ ಬಾಟಲಿಯಿಂದ ಸಣ್ಣದಕ್ಕೆ ಸಲ್ಫ್ಯೂರಿಕ್ ಆ್ಯಸಿಡ್ ಬಗ್ಗಿಸುತ್ತಿದ್ದಾಗ ಬಾಟಲಿ ಕೈಯಿಂದ ಜಾರಿ ಮೇಜಿನ ಅಂಚಿಗೆ ಬಡಿಯಿತು. ಸೊಂಟದಿಂದ ಮೊಣಕಾಲಿನವರೆಗೆ ಆ್ಯಸಿಡ್ ಹರಿಯಿತು. ನಾನು ಓಡಿಹೋಗಿ ಅವಳನ್ನು ತಬ್ಬಿ ಎಳೆದುಕೊಂಡು ಬಂದು ಮೂಲೆಯ ಷವರಿನ ಕೆಳಗೆ ನಿಲ್ಲಿಸಿದೆ. ನಾನು ಹಟ ಮಾಡಿ ಹಾಕಿಕೊಳ್ಳುತ್ತಿದ್ದ ನನ್ನ ಹಳೆಯ ಕೋಟಿಗೂ ಆ್ಯಸಿಡ್ ಅಂಟಿತು, ಕಿತ್ತೆಸೆದೆ.

"ಬಟ್ಟೆ ತೆಗಿ ಮರಿ! ಬೇಗ!"

ಅವಳು ಎರಡೂ ಕೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ತರಗತಿಯ ಹುಡುಗರೆಲ್ಲ ಕಣ್ಣು ಬಿಟ್ಟುಕೊಂಡು ನಿಂತಿದ್ದರು. ಆಚೆ ಹೋಗಿ ಎಂದು ನಾನು ಕಿರುಚಿದೆ. ಕೆಲವರು ಹೋದರು, ಕೆಲವರು ಬಾಗಿಲಲ್ಲೇ ನಿಂತರು.

"ಆಗಲ್ಲ ಅತ್ತೆ, ಏನಾದ್ರೂ ಹೊದ್ದಿಸಿ, ಆಮೇಲೆ ತೆಗೀತೀನಿ," ಎಂದು ಮರಿ ಅಳುತ್ತಿದ್ದಳು.

"ಸರ್, ಒಂದು ಕೋಟು!"

ಗಲಾಟೆ ಕೇಳಿ ಬಂದಿದ್ದ ಇಸ್ತ್ರಿಯವರು ಬೀರುವಿನ ಮುಂದೆಯೇ ನಿಂತಿದ್ದರು. ಕೈ ಜೇಬಿನಲ್ಲಿತ್ತು. "ಒದ್ದೆ ಆಗುತ್ತಲ್ಲ ಮೇಡಂ, ಯಾರ ಹತ್ರಾನಾದ್ರೂ ಟವಲ್ ಇದೆಯಾ ನೋಡಿ," ಎಂದರು.

ಆಣೆ ಮಾಡಿ ಹೇಳುತ್ತೇನೆ, ಇದೇ ಮಾತು ಹೇಳಿದರು. ನಾನು ಅವಳ ಬಟ್ಟೆಯನ್ನು ಹರಿದೇ ತೆಗೆಯಬೇಕಾಯಿತು. ಅಷ್ಟು ಹೊತ್ತಿಗೆ ತೊಡೆಯ ಚರ್ಮ ಬೆಂದಿತ್ತು. ಆ ಬೀರುವಿನ ಬೀಗ ಮಾತ್ರ ಆವತ್ತು ತೆರೆಯಲೇ ಇಲ್ಲ.

ಮುಂದಿನ ವಾರ ಪ್ರಿನ್ಸಿಪಾಲರು ನನ್ನನ್ನೂ ಅಣ್ಣನನ್ನೂ ವಿಚಾರಣೆಗೆ ಕರೆದರು. ಅವರು ಲ್ಯಾಬಿಗೆ ಬರುವುದೇ ತಪಾಸಣೆಯ ದಿನ, ನೋಡುವುದು ಕೋಟು ಹಾಕಿದ ಮಕ್ಕಳನ್ನೇ. ಇಸ್ತ್ರಿ ನೀಟಾಗಿ ಬಂದು ಕುಳಿತು, "ಹುಡುಗಿ ಕೋಟು ಹಾಕಿರಲಿಲ್ಲ. ಬೋರ್ಡಲ್ಲಿ ನಿಯಮ ಸ್ಪಷ್ಟವಾಗಿದೆ," ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಹಾಗಾದ್ರೆ ಈ ವರ್ಷ ಪ್ರಾಕ್ಟಿಕಲ್‌ಗೆ ಬಿಡೋದು ಬೇಡ," ಎಂದರು ಪ್ರಿನ್ಸಿಪಾಲರು. ಪ್ರಾಕ್ಟಿಕಲ್ ಇಲ್ಲದೆ ಪರೀಕ್ಷೆಯಿಲ್ಲ. ಅಂದರೆ ಮರಿಯ ಒಂದು ವರ್ಷ ಹೋದ ಹಾಗೆಯೇ.

ನಾನು ಬಾಯಿ ತೆರೆಯುವ ಮೊದಲೇ ನನ್ನ ಅಣ್ಣ ಎದ್ದು ನಿಂತ. ಇಡೀ ಊರಿನ ಟ್ರಾಫಿಕ್ಕಿನಲ್ಲಿ ಬಸ್ಸು ಓಡಿಸುವ ಗಂಡಸು, ಮೇಜಿನ ಹಿಂದೆ ಯಾರಾದರೂ ಕುಳಿತಿದ್ದರೆ ಕೈ ಕಟ್ಟಿಕೊಂಡುಬಿಡುತ್ತಾನೆ. "ನಮ್ಮ ಹುಡುಗೀದೇ ತಪ್ಪು ಸಾರ್. ಚಿಕ್ಕವಳು, ಕ್ಷಮಿಸಿ," ಎಂದ.

"ಕೂತ್ಕೊಳ್ಳೋ ಸುಮ್ನೆ!" ಎಂದೆ. ಹುಟ್ಟಿದಾಗಿನಿಂದ ಅಣ್ಣನಿಗೆ ನಾನು ಹಾಗೆ ಗದರಿದ್ದಿಲ್ಲ. ಪ್ರಿನ್ಸಿಪಾಲರ ಕಡೆ ತಿರುಗಿ, "ಸರ್, ಈಗಲೇ ಲ್ಯಾಬ್‌ಗೆ ಬನ್ನಿ. ಕ್ಲಾಸು ನಡೀತಾ ಇದೆ," ಎಂದೆ.

ನನ್ನ ಮುಖ ನೋಡಿ ಹೆದರಿದರೋ ಏನೋ, ಬಂದರು. ಅಲ್ಲಿ ಮಕ್ಕಳೆಲ್ಲ ಅಂಗಿ, ಟೀ ಶರ್ಟಿನಲ್ಲಿ ನಿಂತು ಉರಿಯ ಮೇಲೆ ಏನನ್ನೋ ಕಾಯಿಸುತ್ತಿದ್ದರು. ಒಬ್ಬರ ಮೈಮೇಲೂ ಕೋಟಿರಲಿಲ್ಲ. ನಾನು ಕಬ್ಬಿಣದ ಸ್ಟ್ಯಾಂಡು ಎತ್ತಿಕೊಂಡು ಬೀರುವಿನ ಬೀಗಕ್ಕೆ ಬಲವಾಗಿ ಬಾರಿಸಿದೆ. ಅದು ಕಿತ್ತು ಬಂತು. ಒಂದು ಕೋಟಿನ ಪ್ಲಾಸ್ಟಿಕ್ ಹರಿದು ಹತ್ತಿರದ ಹುಡುಗನಿಗೆ ಕೊಟ್ಟು, "ಹಾಕ್ಕೋ. ಎಲ್ಲರೂ ತಗೊಂಡು ಹಾಕ್ಕೊಳ್ಳಿ. ಆಮೇಲೆ ಕೆಲಸ ಮುಂದುವರಿಸಿ," ಎಂದೆ.

"ಬೇಡ!" ಎಂದು ಇಸ್ತ್ರಿ ಕೂಗಿಕೊಂಡರು. "ಮುಂದಿನ ತಿಂಗಳು ತಪಾಸಣೆ ಇದೆ! ಈಗ ಹಾಕ್ಕೊಂಡ್ರೆ ಆಗ ಏನು ತೋರಿಸೋದು?"

ಅಣ್ಣನ ಕಟ್ಟಿದ ಕೈ ಬಿಚ್ಚಿಕೊಂಡಿತು. ಅವನು ಬೀರುವನ್ನೊಮ್ಮೆ, ಇಸ್ತ್ರಿಯವರನ್ನೊಮ್ಮೆ ನೋಡಿದ.

"ಈ ಕೋಟು ಇಲ್ಲೇ ಇತ್ತಾ?" ಎಂದು ನನ್ನನ್ನು ಕೇಳಿದ. "ಅವಳು ಕೇಳಿದಾಗಲೂ ಇಲ್ಲೇ ಇತ್ತಾ?"

ಇತ್ತು ಎಂದೆ.

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಹುಡುಗಿ ಪ್ರಾಕ್ಟಿಕಲ್‌ಗೆ ಬರಲಿ, ಈ ವಿಷಯ ಇಲ್ಲಿಗೇ ಮುಗಿಯಲಿ ಎಂದರು. ಮುಗಿಯಲಿ! ಅವರ ಕೈಗೆ ನೀರು ಸೋಕದೆಯೇ ಕೈ ತೊಳೆದುಕೊಂಡಾಯಿತು. ಆದರೂ ವರ್ಷ ಉಳಿಯಿತಲ್ಲ ಎಂದು ನಾನು ಗೆದ್ದವಳ ಹಾಗೆ ಅಣ್ಣನ ಜೊತೆ ಅವನ ಮನೆಗೆ ಹೋದೆ.

ಮರಿ ಗೋಡೆಗೆ ಒರಗಿ, ಕಾಲು ಚಾಚಿ ಹಾಸಿಗೆಯ ಮೇಲೆ ಕುಳಿತಿದ್ದಳು. ನಡೆದದ್ದನ್ನೆಲ್ಲ ಉಸಿರು ಬಿಡದೆ ಹೇಳಿದೆ. ಬೀಗ ಒಡೆದದ್ದನ್ನು ಎರಡು ಸಲ ಹೇಳಿದೆ. ಅವಳು ನಗಲಿಲ್ಲ.

"ಸೋಮವಾರದಿಂದ ಬಾ. ಕೋಟು ಹಾಕ್ಕೊಂಡೇ ಕೆಲಸ ಮಾಡ್ತೀಯ. ಯಾರು ತಡೀತಾರೋ ನಾನೂ ನೋಡ್ತೀನಿ," ಎಂದೆ.

"ನಾನು ಬರಲ್ಲ ಅತ್ತೆ."

"ಯಾಕೆ? ನೋವು ಕಮ್ಮಿ ಆಗಿಲ್ವಾ?"

"ನೋವು ಕಮ್ಮಿ ಆಗಿದೆ." ಅವಳು ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. ಕೋಣೆಯಲ್ಲಿ ನಾನು, ಅವಳ ಅಪ್ಪ ಇಬ್ಬರೇ ಇದ್ದೆವು. "ಬಾಗಿಲಲ್ಲಿ ನಿಂತಿದ್ರಲ್ಲ, ಅವರೇ ಅಲ್ವಾ ಸೋಮವಾರಾನೂ ಇರೋದು?"

ಬೈಯಲು ಬಾಯಿ ತೆರೆದೆ. ಬೈಸಿಕೊಳ್ಳಬೇಕಾದವರು ಯಾರೂ ಆ ಕೋಣೆಯಲ್ಲಿರಲಿಲ್ಲ. ಅವಳ ಕಾಲಿನ ಪಟ್ಟಿ ಬದಲಿಸುವ ಹೊತ್ತಾಗಿತ್ತು. ಅಣ್ಣನನ್ನು ಆಚೆ ಕಳಿಸಿ, ಬಾಗಿಲಿಗೆ ಚಿಲಕ ಹಾಕಿ, ಅದು ಭದ್ರವಾಗಿದೆಯೋ ಇಲ್ಲವೋ ಎಂದು ಅವಳಿಗೆ ಕಾಣುವ ಹಾಗೆ ಎಳೆದು ನೋಡಿ, ಆಮೇಲೆ ಹೊದಿಕೆ ಸರಿಸಿದೆ.