ಕುಸುಮಕ್ಕನ ಅಳತೆ ಬ್ಲೌಸು

ಕೋಟೇಶ್ವರದಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟು ಏಳು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಬಂದದ್ದು ಶಾಲೆ ಯೂನಿಫಾರ್ಮು, ನೈಟಿ, ಸೀರೆಗೆ ಫಾಲ್ಸು, ಚೂಡಿದಾರ ಬಿಗಿ ಮಾಡುವುದು, ಸಡಿಲ ಮಾಡುವುದು. ಮದುವೆ ಬ್ಲೌಸು ಒಂದೂ ಬಂದಿರಲಿಲ್ಲ. ಮದುವೆ ಬ್ಲೌಸು ಹೊಲಿಯದವಳನ್ನು ಇಲ್ಲಿ ಯಾರೂ ಟೈಲರ್ ಎಂದು ಒಪ್ಪುವುದಿಲ್ಲ. ಹೊಲಿದು ಕೆಡಿಸಿದರೆ ಸುದ್ದಿ ಬಸ್ಸಿಗಿಂತ ಬೇಗ ಬೈಂದೂರಿಗೂ ಬ್ರಹ್ಮಾವರಕ್ಕೂ ಮುಟ್ಟುತ್ತದೆ. ಆಮೇಲೆ ನೈಟಿಯೂ ಬರುವುದಿಲ್ಲ. ಪ್ರೇಕ್ಷಾ ತನ್ನ ರಿಸೆಪ್ಶನ್ ಬ್ಲೌಸನ್ನು ನಾನೇ ಹೊಲಿಯಬೇಕು ಎಂದಾಗ ಅದಕ್ಕೇ ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು.

ಪ್ರೇಕ್ಷಾ ಮತ್ತು ನಾನು ಪಿಯುಸಿಯಲ್ಲಿ ಕುಂದಾಪುರದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಅವಳ ಮನೆ ಬೈಂದೂರಿನಲ್ಲಿ. ಈಗ ಬ್ರಹ್ಮಾವರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ, ಅಲ್ಲೇ ಪಿಜಿಯಲ್ಲಿ ಇರುತ್ತಾಳೆ. ಹುಡುಗ ಕೊಕ್ಕರ್ಣೆಯ ಯೋಗೀಶ್. ಧಾರೆ ಸೀರೆ ಆರಿಸಿದ್ದು ಗಂಡಿನ ಕಡೆಯವರು, ಹಾಲ್ ಆರಿಸಿದ್ದು ಅಪ್ಪ, ಊಟ ದೊಡ್ಡಪ್ಪ, ಮೇಕಪ್ಪಿನವಳನ್ನು ಅತ್ತಿಗೆ. ಸಂಜೆ ರಿಸೆಪ್ಶನ್ನಿಗೆ ಹಾಕುವುದೊಂದನ್ನಾದರೂ ತಾನೇ ಆರಿಸಬೇಕು ಎಂದು ಪ್ರೇಕ್ಷಾ ಹಟ ಹಿಡಿದಿದ್ದಳು.

ಒಂದು ಶನಿವಾರ ಬಸ್ಸಿನಿಂದಿಳಿದು ನೇರ ಅಂಗಡಿಗೆ ಬಂದು ಫೋನು ತೋರಿಸಿದಳು. ಇಪ್ಪತ್ತಕ್ಕೂ ಹೆಚ್ಚು ಫೋಟೋಗಳು. ಒಂದನ್ನು ಬಿಟ್ಟು ಎಲ್ಲ ಬೇರೆ ದೇಶದ ಮದುವಣಗಿತ್ತಿಯರು. ಒಬ್ಬಳು ಒಳಲಂಗದಂಥ ಬಿಳಿ ಸ್ಯಾಟಿನ್ ಗೌನಿನಲ್ಲಿ, ಒಬ್ಬಳು ಹೊಟ್ಟೆ ಬಿಗಿದು ಹಿಂದೆ ದಾರ ಕಟ್ಟುವ ಮೇಲಂಗಿಯಲ್ಲಿ, ಇನ್ನೊಬ್ಬಳ ತಲೆ ತುಂಬ ಪ್ಲಾಸ್ಟಿಕ್ ಚಿಟ್ಟೆ. ಕೊನೆಯ ಫೋಟೋದಲ್ಲಿ ಇದ್ದದ್ದು ಅವಳ ಅಮ್ಮ ಕುಸುಮಕ್ಕ.

ಇಸವಿ ಎರಡು ಸಾವಿರದ ಒಂದು. ಕುಸುಮಕ್ಕನಿಗೆ ಇಪ್ಪತ್ತಮೂರು ವರ್ಷ. ಬೆಳ್ಳಿ ಮಿಂಚಿನ ತೆಳು ನೇರಳೆ ಟಿಶ್ಯೂ ಸೀರೆ, ಕಂದು ಲಿಪ್‌ಸ್ಟಿಕ್, ಗೆರೆಯಷ್ಟು ಸಪೂರ ಹುಬ್ಬು, ಹಣೆಯಲ್ಲಿ ಹಾವಿನ ಹಾಗೆ ಬಳುಕಿದ ಸ್ಟಿಕ್ಕರ್ ಬೊಟ್ಟು, ಕೆನ್ನೆಗೆಲ್ಲ ಮಿಂಚಿನ ಪುಡಿ. ಕಿವಿಯ ಹತ್ತಿರ ಎರಡು ಎಳೆ ಕೂದಲನ್ನು ಸುರುಳಿ ಮಾಡಿ ಇಳಿಬಿಟ್ಟಿದ್ದರು. ಸುತ್ತ ಸ್ಟುಡಿಯೋದವರು ಕೂರಿಸಿದ ಗುಲಾಬಿ ಹೃದಯ.

ಆ ಗೌನುಗಳಿಗೂ ಕುಸುಮಕ್ಕನಿಗೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ಎಲ್ಲ ಒಂದೇ ಕಾಲದ್ದು, ಎರಡು ಸಾವಿರದ ಸ್ಟೈಲು, ಈಗ ಅದೇ ನಡೆಯುವುದು ಎಂದಳು ಪ್ರೇಕ್ಷಾ. ಸೀರೆಯನ್ನು ಫೋನಿನಲ್ಲೇ ತರಿಸಿದ್ದಳು, ಹೆಚ್ಚುಕಡಿಮೆ ಅದೇ ಬಣ್ಣ. ಬ್ಲೌಸು ಮಾತ್ರ ಅಮ್ಮನದ್ದರ ಹಾಗೇ ಆಗಬೇಕು: ಗಿಡ್ಡ ತೋಳು, ತೆರೆದ ಬೆನ್ನು, ಬೆನ್ನಿಗೆ ಅಡ್ಡಡ್ಡ ದಾರ. ಫೋಟೋದಲ್ಲಿ ಬೆನ್ನು ಕಾಣುತ್ತಿರಲಿಲ್ಲ, ಆದರೆ ಆ ಬ್ಲೌಸು ಈಗಲೂ ಮನೆಯಲ್ಲಿತ್ತು.

ಇದನ್ನು ಹಾಕಿಕೊಳ್ಳುವುದು ಚೆಂದಕ್ಕೋ ತಮಾಷೆಗೋ ಎಂದು ಕೇಳಿದೆ. ಹೊಲಿಯುವವಳಿಗೆ ಅದು ಗೊತ್ತಿರಬೇಕು. ಅವಳು ಆ ಫೋಟೋವನ್ನು ಮನೆಯ ಹುಡುಗಿಯರ ಗ್ರೂಪಿನಲ್ಲಿ ಹಾಕಿದ್ದಳಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ನಕ್ಕವರೇ ಆಮೇಲೆ ಅಂಥ ಸೀರೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದರು. ಅವಳ ಉತ್ತರ ಇಷ್ಟೇ. ನನಗೆ ಅದರಿಂದ ಏನೂ ಗೊತ್ತಾಗಲಿಲ್ಲ.

ನಾನು ಟೇಪು ತೆಗೆದೆ. ಅವಳು ಬೇಡ ಎಂದಳು, ಅಳತೆ ಬ್ಲೌಸನ್ನು ಅಮ್ಮ ಕೊಡುತ್ತಾರೆ. ನಮ್ಮ ಕಡೆ ಹೀಗೇ. ಎದುರಿಗೆ ನಿಂತ ಮೈಯನ್ನು ಅಳೆಯುತ್ತೇನೆಂದರೆ ಯಾರಿಗೂ ನಂಬಿಕೆ ಇಲ್ಲ. ಸರಿಯಾಗಿ ಕೂತ ಒಂದು ಹಳೇ ಬ್ಲೌಸು ಕೊಡುತ್ತಾರೆ, ಅದರ ಪ್ರಕಾರ ಕತ್ತರಿಸಬೇಕು. ಡಿಪ್ಲೊಮಾದಲ್ಲಿ ಕಲಿಸಿದ್ದು ಬೇರೆ. ಆದರೆ ಗಿರಾಕಿ ಡಿಪ್ಲೊಮಾ ಓದಿರುವುದಿಲ್ಲ.

ಮುಂದಿನ ಗುರುವಾರ ಕುಸುಮಕ್ಕ ಬೈಂದೂರಿನಿಂದ ಬಸ್ಸಿನಲ್ಲಿ ಬಂದರು. ಚೀಲದಿಂದ ಹೊಸ ಸೀರೆಯ ಜೊತೆ ಎರಡು ಬ್ಲೌಸು ತೆಗೆದು ಮೇಜಿನ ಮೇಲಿಟ್ಟರು. ಒಂದು ಅವರ ಮದುವೆಯ ನೇರಳೆ ಬ್ಲೌಸು, ಫೋಟೋದಲ್ಲಿದ್ದದ್ದೇ. ಇನ್ನೊಂದು ಪ್ರೇಕ್ಷಾಳ ನಿಶ್ಚಿತಾರ್ಥದ ಮೆರೂನ್ ಬ್ಲೌಸು: ಮೊಣಕೈವರೆಗೆ ತೋಳು, ಕುತ್ತಿಗೆಯವರೆಗೆ ಮುಚ್ಚಿದ ಬೆನ್ನು.

"ನೇರಳಿದ್ದ್ ಅಳತಿಗೆ ಚೇತನಾ" ಎಂದರು. "ಹೊಲುದ್ ಮಾತ್ರ ಈ ಮೆರೂನಿನಾಂಗೆ."

ತಿರುಗಾಮುರುಗಾ ಆಯಿತೇನೋ ಎಂದು ಮತ್ತೊಮ್ಮೆ ಕೇಳಿದೆ. ನೇರಳೆಯದ್ದು ಮಾದರಿಗೆ, ಮೆರೂನು ಅಳತೆಗೆ ಅಲ್ಲವೇ?

"ನಾನ್ ಹೇಳ್ದಾಂಗೆ ಮಾಡ್ ಹೆಣ್ಣೆ. ಮದುವಿ ಮನೆಯಂಗೆ ನಂಗ್ ನೂರ್ ಕೆಲ್ಸ ಇತ್ತ್."

ಅವರು ಹೋದ ಮೇಲೆ ನೇರಳೆ ಬ್ಲೌಸನ್ನು ಹರಡಿ ಅಳೆದೆ. ಎದೆ ಸುತ್ತು ಮೂವತ್ತೆರಡು. ಪ್ರೇಕ್ಷಾ ಹಾಸ್ಟೆಲಿನಲ್ಲಿದ್ದಾಗಲೇ ಮೂವತ್ತನಾಲ್ಕು ಹಾಕುತ್ತಿದ್ದಳು. ಅಮ್ಮ ಕೊಟ್ಟ ಅಳತೆ ಸಣ್ಣದಿದೆ, ಸರಿಯೇ ಎಂದು ಅವಳಿಗೆ ಮೆಸೇಜು ಹಾಕಿದೆ. ಅಮ್ಮ ಕೊಟ್ಟದ್ದೇ ಫೈನಲ್, ತಾನು ಡಯಟ್ ಮಾಡುತ್ತಿದ್ದೇನೆ ಎಂದು ಉತ್ತರ ಬಂತು. ಬೆನ್ನಿನ ವಿಷಯ ನಾನು ಕೇಳಲಿಲ್ಲ. ತಾಯಿ ಮಗಳು ಮಾತಾಡಿಕೊಂಡಿರಬೇಕು, ಮನಸ್ಸು ಬದಲಾಗಿರಬೇಕು ಎಂದುಕೊಂಡೆ. ಮದುವೆ ಮನೆಯಲ್ಲಿ ಮನಸ್ಸು ದಿನಕ್ಕೆ ಮೂರು ಸಲ ಬದಲಾಗುತ್ತದೆ. ಇದೆಲ್ಲ ಈಗ ಹೇಳುವ ಮಾತು. ನಿಜ ಏನೆಂದರೆ, ಕಣ್ಣಿಗೆ ಕಂಡದ್ದನ್ನು ಬಿಟ್ಟು ಕೈಗೆ ಕೊಟ್ಟದ್ದನ್ನು ನಂಬಿದೆ. ಸೀರೆಯಲ್ಲಿದ್ದ ಬ್ಲೌಸ್ ಪೀಸು ಪೂರ್ತಿ ಕತ್ತರಿಸಿದೆ.

ಮದುವೆ ಭಾನುವಾರ. ಬುಧವಾರ ಹನ್ನೊಂದು ಗಂಟೆಗೆ ಇಬ್ಬರೂ ಹಾಕಿ ನೋಡಲು ಬಂದರು. ಪ್ರೇಕ್ಷಾ ಬ್ಲೌಸು ತೆಗೆದುಕೊಂಡು ಮೂಲೆಯ ಪರದೆಯ ಹಿಂದೆ ಹೋದಳು. ಆಮೇಲೆ ಪರದೆ ಸರಿಸಿ ಹೊರಗೆ ಬಂದಳು. ತೋಳು ಅರ್ಧದಲ್ಲಿ ಸಿಕ್ಕಿಕೊಂಡಿತ್ತು. ಮುಂದೆ ಹುಕ್ಕಿಗೂ ಕೊಂಡಿಗೂ ನಡುವೆ ಒಂದು ಅಂಗೈ ಅಂತರ. ಶಾಲು ಅಡ್ಡ ಹಿಡಿದುಕೊಂಡಿದ್ದಳು.

"ಇದ್ ಯಾರ್ ಬ್ಲೌಸ್ ಮಾರಾಯ್ತಿ?" ಎಂದಳು. "ಬೆನ್ನಿನ ದಾರ ಎಲ್ಲ್ ಹೋಯ್ತ್?"

ನಾನು ಎರಡು ಬ್ಲೌಸನ್ನೂ ಮೇಜಿನ ಮೇಲಿಟ್ಟು ಯಾವುದನ್ನು ಯಾವುದಕ್ಕೆಂದು ಕೊಟ್ಟರು, ಯಾರು ಏನು ಹೇಳಿದರು, ಎಲ್ಲ ಹೇಳಿದೆ. ಕುಸುಮಕ್ಕನ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಾಗಿತ್ತೋ ಇಲ್ಲವೋ, ಮಾತು ಹಾಗೇ ಆಯಿತು. ಪ್ರೇಕ್ಷಾ ಅಮ್ಮನ ಕಡೆ ತಿರುಗಿದಳು.

ಕುಸುಮಕ್ಕ ಮಗಳ ಮುಖ ನೋಡುತ್ತಿರಲಿಲ್ಲ, ಆ ಅಂಗೈ ಅಂತರವನ್ನೇ ನೋಡುತ್ತಿದ್ದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ನಿನ್ ಪ್ರಾಯದಂಗೆ ನಂಗ್ ಅದೇ ಅಳತಿ" ಎಂದರು. "ನಿಂಗೂ ಅದೇ ಆತ್ತ್ ಅಂದ್ಕಂಡೆ. ಅಮ್ಮನಾಂಗೇ ಕಾಣ್ಕ್, ಅಮ್ಮನಾಂಗೇ ಕಾಣ್ಕ್ ಅಂದೇಳಿ ನೀನೇ ಅಲ್ದಾ ಹೇಳುದ್?"

ಅಳತೆ ಹೋಗಲಿ, ಬೆನ್ನು ಯಾಕೆ ಮುಚ್ಚಿಸಿದ್ದು ಎಂದು ಪ್ರೇಕ್ಷಾ ಕೇಳಿದಳು. ಅದನ್ನು ಕುಸುಮಕ್ಕ ತಪ್ಪಿ ಮಾಡಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು. ಆಮೇಲೆ ಹೇಳಿದರು: "ನಗಾಡುಕ್ ಹಾಕಂಬುದಾ ಅದನ್ನ್? ನಿನ್ ಫೋನಂಗೆ ಎಲ್ಲರೂ ನಗಾಡ್ದ್ ನಾನೂ ಕಂಡಿದೆ."

"ಅದ್ ನಗಾಡುದಲ್ಲ ಅಮ್ಮ. ಅಂದ್ರೆ, ನಗಾಡುದೇ. ಆದ್ರೆ ನಿನ್ನ್ ಕಂಡ್ ಅಲ್ಲ. ನೀನ್ ಚೆಂದ ಇದ್ದೆ, ಅದಕ್ಕೇ..."

ಅವಳು ಅಲ್ಲಿಗೇ ನಿಲ್ಲಿಸಿದಳು. ಮುಂದಿನದಕ್ಕೆ ನಾನೂ ಕಾದಿದ್ದೆ. ಚೆಂದ ಇದ್ದರೆ ನಗುವುದು ಯಾಕೆ, ನಗು ಬಂದರೆ ಹಾಕಿಕೊಳ್ಳುವುದು ಯಾಕೆ? ಅವಳಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಕುಸುಮಕ್ಕ ತಮ್ಮ ಮದುವೆಯ ಬಗ್ಗೆ ಹೇಳಿದ್ದು ಆಗಲೇ. ಆ ಸೀರೆ ಬ್ಲೌಸು ಎರಡನ್ನೂ ತಂದವರು ಅವರ ಅಣ್ಣ ಪ್ರೇಮಾನಂದ. ಅವರು ಆಗ ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದರು. ಅಲ್ಲಿ ಅದೇ ಫ್ಯಾಶನ್ ಎಂದು ಯಾರನ್ನೂ ಕೇಳದೆ ಹೊಲಿಸಿ ತಂದಿದ್ದರು. ಕುಸುಮಕ್ಕನಿಗೂ ಮನಸ್ಸಾಗಿತ್ತು. ಹಾಕಿಕೊಂಡು ಹಾಲಿಗೆ ಬಂದ ಐದು ನಿಮಿಷಕ್ಕೆ ಗಂಡನ ಮನೆಯ ಹೆಂಗಸೊಬ್ಬರು ಹಿಂದಿನಿಂದ ಬಂದು, ಏನೂ ಹೇಳದೆ ಸೆರಗೆಳೆದು ಬೆನ್ನಿಗೆ ಹೊದಿಸಿ ಹೋದರಂತೆ. ಬಯ್ದಿದ್ದರೆ ಬೇರೆ, ಬಯ್ಯಲಿಲ್ಲ. ಊಟ ಮುಗಿಯುವವರೆಗೂ ಇವರು ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ವೀಡಿಯೋದವನು ಎಷ್ಟು ಕರೆದರೂ ತಿರುಗಲಿಲ್ಲ.

ಪ್ರೇಕ್ಷಾ ಇದನ್ನು ಮೊದಲ ಸಲ ಕೇಳುತ್ತಿದ್ದಳು. ಆದರೆ ಅವಳ ಸಿಟ್ಟು ಇಳಿಯಲಿಲ್ಲ, ಇಳಿಯಬೇಕಾದ ಕಾರಣವೂ ಇರಲಿಲ್ಲ. ತನಗೆ ಬೇಕಾದದ್ದು ಒಂದೇ ಒಂದಿತ್ತು, ಅದನ್ನೂ ಕೇಳದೆ ಬದಲಾಯಿಸಿದರು ಎಂದಳು. ಇನ್ನು ಕುಂದಾಪುರಕ್ಕೆ ಹೋಗಿ ರೆಡಿಮೇಡ್ ಏನಾದರೂ ನೋಡುತ್ತೇನೆ ಎಂದು ಸೀರೆಯನ್ನು ಮಡಚತೊಡಗಿದಳು.

ಆ ಸೀರೆ ನನ್ನ ಅಂಗಡಿಯ ಮೆಟ್ಟಿಲು ಇಳಿದರೆ ಮುಂದೆ ಏನಾಗುತ್ತದೆಂದು ನನಗೆ ಸರಿಯಾಗಿ ಗೊತ್ತಿತ್ತು. ಒಂದು ಸಲ ನೋಡುತ್ತೇನೆ, ನಿಲ್ಲು ಎಂದೆ. ಬ್ಲೌಸು ಬಿಚ್ಚಿಸಿ, ತಿರುಗಿಸಿ, ಹೊಲಿಗೆಯ ಒಳಗೆ ಬಿಟ್ಟಿದ್ದ ಬಟ್ಟೆ ಎಷ್ಟಿದೆ ಎಂದು ನೋಡಿದೆ. ಈ ಸಲ ಯಾರನ್ನೂ ಕೇಳದೆ ಪ್ರೇಕ್ಷಾಳ ಮೈಗೆ ಟೇಪು ಹಿಡಿದೆ. ಮೂವತ್ತಾರೂವರೆ. ಡಯಟ್ಟಿನ ಬಗ್ಗೆ ನಾನು ಏನೂ ಹೇಳಲಿಲ್ಲ.

ಎರಡೂ ಪಕ್ಕ ಬಿಚ್ಚಿದರೆ ಎರಡು ಇಂಚು ಸಿಗುತ್ತದೆ. ಮತ್ತೂ ಎರಡೂವರೆ ಬೇಕು. ಬೇರೆ ಬಟ್ಟೆ ಜೋಡಿಸಿದರೆ ಸ್ಟೇಜಿನ ಬೆಳಕಿಗೆ ತೇಪೆ ಎಂದು ಕಾಣುತ್ತದೆ. ಉಳಿದ ದಾರಿ ಒಂದೇ: ಬೆನ್ನನ್ನು ಮಧ್ಯಕ್ಕೆ ಕತ್ತರಿಸಿ, ಎರಡು ಬದಿ ಅಗಲ ಮಾಡಿ, ನಡುವೆ ದಾರ ಹಾಕುವುದು. ತೋಳು ಮೊಣಕೈವರೆಗೆ ಬೇಕೆಂದರೆ ಆಗುವುದಿಲ್ಲ, ಗಿಡ್ಡ ಮಾಡಿ ಒಂದು ಸೀಳು ಕೊಡಬೇಕು. ಒಟ್ಟಿನಲ್ಲಿ ಹಾಕುವ ಹಾಗೆ ಆಗಬೇಕಾದರೆ ಅದು ನೇರಳೆ ಬ್ಲೌಸಿನ ಹಾಗೇ ಆಗಬೇಕು. ಮುಚ್ಚಿದ ಬೆನ್ನು ಇವಳ ಮೈಗೆ ಇನ್ನು ಸಾಧ್ಯವಿಲ್ಲ.

ಹೇಳಿ ಮುಗಿಸಿದ ಮೇಲೆ ನನಗೆ ಯಾರ ಮುಖ ನೋಡಬೇಕೆಂದು ತಿಳಿಯಲಿಲ್ಲ. ಹಾಕುವವಳು ಮಗಳು, ಬ್ಲೌಸು ತಂದುಕೊಟ್ಟವರು ತಾಯಿ. ಕತ್ತರಿ ಕೈಯಲ್ಲೇ ಇತ್ತು.

ಕುಸುಮಕ್ಕ ಬೇರೆ ದಾರಿ ಇಲ್ಲವೇ ಎಂದು ಎರಡು ಸಲ ಕೇಳಿದರು. ಇಲ್ಲ ಎಂದು ಎರಡು ಸಲ ಹೇಳಿದೆ. ಕೆಳಗೆ ಹೆದ್ದಾರಿಯಲ್ಲಿ ಮೀನಿನ ಲಾರಿ ಹಾರ್ನ್ ಹಾಕುತ್ತ ಹೋಯಿತು. ಅವರು ಮಗಳನ್ನು ಕೇಳಿದರು:

"ಅಲ್ಲ್ ಯಾರಾರೂ ಬಂದ್ ಸೆರಗ್ ಎಳ್ದ್ರೆ ನೀನ್ ಎಂತ ಮಾಡ್ತೆ?"

"ಕೈ ಸರ್ಸ್ತೆ."

"ಅತ್ತೆ ಬಂದ್ ಎಳ್ದ್ರೆ?"

ಪ್ರೇಕ್ಷಾ ಯೋಚನೆ ಮಾಡಿದಳು. "ಗೊತ್ತಿಲ್ಲೆ" ಎಂದಳು.

ಆ ಉತ್ತರ ಕುಸುಮಕ್ಕನಿಗೆ ಹಿಡಿಸಿತೋ ಇಲ್ಲವೋ, ನನಗೆ ಅರ್ಥವಾಗಲಿಲ್ಲ. "ಕತ್ತರ್ಸ್" ಎಂದು ನನಗೆ ಹೇಳಿ ಕಿಟಕಿಯ ಹತ್ತಿರ ಹೋಗಿ ಕೂತರು.

ಕೆಲಸಕ್ಕೆ ಎರಡೂವರೆ ಗಂಟೆ ಹಿಡಿಯಿತು. ಟಿಶ್ಯೂ ಬಟ್ಟೆಗೆ ಒಂದು ಗುಣ ಇದೆ, ಒಮ್ಮೆ ಸೂಜಿ ಹೋದ ತೂತು ಮುಚ್ಚುವುದಿಲ್ಲ. ಹಾಗಾಗಿ ಬಿಚ್ಚಿದ ಹೊಲಿಗೆಯ ಗೆರೆಯ ಮೇಲೆ ಬೆಳ್ಳಿ ಲೇಸು ಕೂರಿಸಿದೆ. ಬೆನ್ನಿನ ಮಧ್ಯಕ್ಕೆ ಕತ್ತರಿ ಇಡುವ ಮೊದಲು ಒಂದು ಸಲ ಗುರುತು ಹಾಕಿ ಅಳಿಸಿ ಮತ್ತೆ ಹಾಕಿದೆ. ಅಂಚು ಮಡಚಿ ಒಳಗೆ ಪಟ್ಟಿ ಕೊಟ್ಟು, ಬದಿಗೆ ಆರಾರು ಕುಣಿಕೆ ಹೊಲಿದೆ. ಪ್ರೇಕ್ಷಾ ಎದುರಿನ ಫ್ಯಾನ್ಸಿ ಅಂಗಡಿಗೆ ಹೋಗಿ ದಾರ ತಂದಳು. ಆ ಹೊತ್ತಿನಲ್ಲಿ ತಾಯಿ ಮಗಳು ಮಾತಾಡಿದ್ದು ಊಟದ ಹಾಲಿನ ಕುರ್ಚಿ, ಬಸ್ಸು ಎಷ್ಟು ಹೊತ್ತಿಗೆ, ಬರೀ ಇಂಥದ್ದು.

ಎರಡನೇ ಸಲ ಹಾಕಿದಾಗ ಮುಂದಿನ ಹುಕ್ಕುಗಳೆಲ್ಲ ಕೊಂಡಿಗೆ ಸಿಕ್ಕಿದವು. ನಾನು ಹಿಂದೆ ನಿಂತು ದಾರ ಪೋಣಿಸಿ ಕಟ್ಟಿದೆ. ಸರಿಯಾಗಿ ಕೂತಿತ್ತು. ನಾನು ಹೊಲಿದದ್ದರಲ್ಲಿ ಇಷ್ಟು ಸರಿಯಾಗಿ ಕೂತದ್ದು ಬೇರೆ ಇರಲಿಲ್ಲ, ಇದು ತಪ್ಪಿನಿಂದ ಆದದ್ದು ಎಂದು ಗೊತ್ತಿದ್ದೂ ಹೇಳುತ್ತೇನೆ. ಪ್ರೇಕ್ಷಾ ಕನ್ನಡಿಗೆ ಬೆನ್ನು ಮಾಡಿ, ಕುತ್ತಿಗೆ ತಿರುಗಿಸಿ ಎಷ್ಟು ಕಾಣುತ್ತದೋ ಅಷ್ಟು ನೋಡಿಕೊಂಡಳು.

"ನಿಂದೂ ಹೀಂಗೇ ಇದ್ದಿತ್ತಾ ಅಮ್ಮ?"

"ನಂಗೆಂತ ಗೊತ್ತ್?" ಎಂದರು ಕುಸುಮಕ್ಕ. "ನನ್ ಬೆನ್ನ್ ನಾನ್ ಕಂಡಿದಿಲ್ಲೆ."

ಪ್ರೇಕ್ಷಾ ತನ್ನ ಫೋನು ನನ್ನ ಕೈಗೆ ಕೊಟ್ಟಳು. ನಾನು ಹಿಂದಿನಿಂದ ಒಂದು ಫೋಟೋ ತೆಗೆದೆ. ಅದನ್ನು ಅವಳಿಗೆ ಕೊಡುವ ಮೊದಲೇ ಕುಸುಮಕ್ಕ ಎದ್ದು ಬಂದು ಫೋನು ತೆಗೆದುಕೊಂಡರು. ಎರಡು ಬೆರಳಲ್ಲಿ ದೊಡ್ಡದು ಮಾಡಿ, ಮೇಲಿನಿಂದ ಕೆಳಗೆ ನಿಧಾನ ಸರಿಸುತ್ತ, ತುಂಬ ಹೊತ್ತು ನೋಡಿದರು. ಚೆಂದ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮಗಳ ಬೆನ್ನು ನೋಡುತ್ತಿದ್ದರೋ, ಇನ್ನೇನನ್ನೋ, ನಾನು ಕೇಳಲಿಲ್ಲ.

"ಮೇಲಿನ ದಾರ ಸಡ್ಲ ಆಯ್ತ್" ಎಂದು ಫೋನು ಮಗಳಿಗೆ ಕೊಟ್ಟರು. "ಬಿಗಿ ಮಾಡ್ಕ್. ಸೀರಿಗೆ ಫಾಲ್ಸ್ ಹಾಯ್ಕ್ ಇಡ್ ಚೇತನಾ, ಶನಿವಾರ ಬತ್ತೆ."

ನಾನು ಗಂಟು ಬಿಚ್ಚಿ, ದಾರವನ್ನು ಮೇಲಿನ ಕುಣಿಕೆಯಿಂದ ಮತ್ತೆ ಎಳೆಯತೊಡಗಿದೆ.