ಸಿಮ್ ಇಲ್ಲದ ಫೋನಿನ ಅಳಿಯ

ಮದುವೆ ಮಾತಿಗೆ ಬಂದವನು ಕಾಫಿ ಕುಡಿದು, ಹೂಂ ಅಂದು, ಸುಮ್ಮನೆ ಎದ್ದು ಹೋಗಬೇಕಿತ್ತು. ಹುಡುಗಿ ಅಷ್ಟನ್ನೇ ನೂರು ಸಲ ಹೇಳಿಕೊಟ್ಟಿದ್ದಳು. ತಮ್ಮ ಸರಕನ್ನು ತಾವೇ ಹಳಿಯುವವರನ್ನು ಕಂಡರೆ ಅವಳಪ್ಪನಿಗೆ ಮೈಯೆಲ್ಲ ಉರಿಯುತ್ತದಂತೆ.

ಹುಡುಗ ಸೇಲ್ಸ್‌ನವನು. ಅವನ ಕಂಪನಿ ಮಾರುವುದು ಸಿಡಿಎಂಎ ಫೋನು. ಅದಕ್ಕೆ ಸಿಮ್ ಹಾಕೋ ಗೋಜೇ ಇಲ್ಲ, ಆದರೆ ಬೇರೆ ಕಂಪನಿಗೆ ಹೋದರೆ ಆ ಫೋನು ಬರೀ ಡಬ್ಬ. ಹುಡುಗಿಯ ಅಪ್ಪ ಫೋನ್ ಅಂಗಡಿಯ ಯಜಮಾನರು. ಅಲ್ಲಿ ಇಷ್ಟು ದಿನ ಮಾರಿದ್ದೆಲ್ಲ ಜಿಎಸ್‌ಎಂ, ಅಂದರೆ ಸಿಮ್ ತೆಗೆದು ಬೇಕಾದ ಫೋನಿಗೆ ಹಾಕಿಕೊಳ್ಳುವ ಬಗೆ.

ಈ ಪುಣ್ಯಾತ್ಮರು ಹುಡುಗನ ಫೋನಿನಲ್ಲಿ ತಮ್ಮ ತಂಗಿಯ ಜೊತೆ ಒಂದು ಸಲ ಮಾತಾಡಿದ್ದೇ ತಡ, ಮರುಳಾಗಿಬಿಟ್ಟರು. ಪಕ್ಕದಲ್ಲೇ ಕೂತು ಜಗಳ ಆಡಿದ ಹಾಗಿತ್ತಂತೆ! ಆಗಲಿರುವ ಅಳಿಯನ ಮೇಲಿನ ಅಕ್ಕರೆಯೂ ಸೇರಿ ತಲೆಗೇರಿತು. ಹಳೇ ಸರಕನ್ನೆಲ್ಲ ಬಂದ ಬೆಲೆಗೆ ತಳ್ಳಿ, ಅಂಗಡಿ ತುಂಬ ನಿಮ್ಮ ಕಂಪನಿಯದನ್ನೇ ಇಡುತ್ತೇನೆ ಅಂತ ಸೋಫಾದಲ್ಲಿ ಕೂತಲ್ಲೇ ಸಾರಿದರು. ಅವರ ಹೆಂಡತಿ ಬಿಸ್ಕತ್ತಿನ ತಟ್ಟೆಯನ್ನು ಹುಡುಗನ ಹತ್ತಿರ ಸರಿಸಿದರು. ಹುಡುಗಿ ಬಾಗಿಲ ಬಳಿ ನಿಂತು, ಹೂಂ ಅನ್ನು ಅಂತ ಕಣ್ಣಲ್ಲೇ ಗದರಿಸಿದಳು.

ಹೂಂ ಅಂದಿದ್ದರೆ ಹುಡುಗಿಯೂ ಸಿಗುತ್ತಿದ್ದಳು, ಆಫೀಸಿನಲ್ಲಿ ಶಹಬ್ಬಾಸ್‌ಗಿರಿಯೂ ಸಿಗುತ್ತಿತ್ತು. ಆದರೆ ಇವನು ಕೈಗೆತ್ತಿಕೊಂಡ ಬಿಸ್ಕತ್ತನ್ನು ವಾಪಸ್ ತಟ್ಟೆಯಲ್ಲಿಟ್ಟ. ನಾಳೆ ಅಂಗಡಿ ಮುಳುಗಿದರೆ ಯಾವ ಮುಖ ಹೊತ್ತು ಈ ಮನೆಗೆ ಬರೋದು ಅಂತ ಹೆದರಿಕೆಯಾಯಿತು.

"ಬೇಡಿ ಸಾರ್," ಅಂದ. "ನಮ್ಮದು ನಿಲ್ಲಲ್ಲ. ಧ್ವನಿ ಚೆನ್ನಾಗಿದೆ, ನಿಜ. ಆದ್ರೆ ಜನಕ್ಕೆ ಫೋನ್ ಬದಲಾಯಿಸೋ ಚಟ. ಗೆಲ್ಲೋದು ಸಿಮ್ಮಿನವರೇ."

ಯಜಮಾನರ ಮುಖ ಕೆಂಪಗಾಯಿತು. ಅನ್ನ ಹಾಕೋ ಕಂಪನಿಯನ್ನೇ ಹೀಗಂತೀಯಲ್ಲ, ನಾಳೆ ನನ್ನ ಮಗಳನ್ನೂ ಹೀಗೇ ಆಡಿಕೊಳ್ತೀಯ ಅಂತ ಎದ್ದು ನಿಂತೇಬಿಟ್ಟರು. ಹುಡುಗಿ ಹಣೆ ಹಣೆ ಚಚ್ಚಿಕೊಂಡಳು. ಮುಗೀತು ಕಥೆ ಅಂತ ಹುಡುಗನಿಗೂ ಅನ್ನಿಸಿತು, ಅಳುವೇ ಬಂದ ಹಾಗಾಯಿತು.

"ಇವಳ ಅಪ್ಪನ ಅಂಗಡಿ ಅಂತಲೇ ನಿಜ ಹೇಳಿದ್ದು ಸಾರ್. ಬೇರೆಯವರದಾಗಿದ್ರೆ ಹೂಂ ಅಂದುಬಿಡ್ತಿದ್ದೆ."

ಯಜಮಾನರಿಗೆ ನಗು ಬಂತು, ಕೆಮ್ಮಿ ನುಂಗಿಕೊಂಡರು. ಇವನಿಗೆ ವ್ಯಾಪಾರ ಬರಲ್ಲ ಕಣೇ ಅಂತ ಹೆಂಡತಿಗೆ ಹೇಳಿ, ಬಂದು ಹುಡುಗನ ಪಕ್ಕದಲ್ಲೇ ಕೂತರು.

"ಇನ್ಮೇಲೆ ಸಾರ್ ಅನ್ನಬೇಡ," ಅಂದರು. "ಮಾವ ಅನ್ನು."